ಮೊಬೈಲಿಗೆ ಬೈದಿದ್ದು ಸಾಕು, ಕೋವಿ ಎಲ್ಲಿದೆ ನೋಡಿ

ಸಂಪಾದಕರಿಗೆ ನಮಸ್ಕಾರ.

ಮಕ್ಕಳ ಕೈಗೆ ಬಂದೂಕು ಸಿಕ್ಕಿ ಅನಾಹುತ ಆದಾಗಲೆಲ್ಲ ಎಲ್ಲ ಕಡೆ ಒಂದೇ ಮಾತು ಕೇಳಿಬರುತ್ತದೆ. ಸಿನಿಮಾ ಹಾಳು ಮಾಡಿತು, ಗೇಮ್ ಹಾಳು ಮಾಡಿತು, ಮೊಬೈಲ್ ಹಾಳು ಮಾಡಿತು. ಟಿ.ವಿ.ಯಲ್ಲಿ ಒಬ್ಬರು ಮನೋವೈದ್ಯರು, ಒಬ್ಬರು ನಿವೃತ್ತ ಪೊಲೀಸ್ ಅಧಿಕಾರಿ ಕೂತು ಅರ್ಧ ಗಂಟೆ ಮಾತಾಡುತ್ತಾರೆ. ಆ ಕೋವಿ ಯಾರದ್ದು, ಎಲ್ಲಿತ್ತು, ಅದರೊಳಗೆ ತೋಟಾ ಯಾಕಿತ್ತು ಅಂತ ಮಾತ್ರ ಯಾರೂ ಕೇಳುವುದಿಲ್ಲ. ನಾನು ಕೊಪ್ಪ ತಾಲ್ಲೂಕಿನ ಅಡಿಕೆ ಬೆಳೆಗಾರ. ಮನೆಯಲ್ಲಿ ಲೈಸೆನ್ಸ್ ಇರುವ ಒಂದು ಕೋವಿ ಇದೆ, ಮಕ್ಕಳಿದ್ದಾರೆ, ಆ ಮಕ್ಕಳ ಕೈಯಲ್ಲಿ ಮೊಬೈಲೂ ಇದೆ. ಹಾಗಾಗಿ ಈ ವಿಷಯದಲ್ಲಿ ನಾಲ್ಕು ಮಾತು ಹೇಳಬಹುದು ಅಂದುಕೊಂಡು ಬರೆಯುತ್ತಿದ್ದೇನೆ. ಪತ್ರ ಉದ್ದವಾಯಿತು ಅನ್ನಿಸಿದರೆ ಕತ್ತರಿ ಹಾಕಿ, ಬೇಸರವಿಲ್ಲ. ನಾಗಮಂಗಲದ ಭಾಗ ಮಾತ್ರ ಬಿಡಬೇಡಿ.

2025ರ ಫೆಬ್ರವರಿಯಲ್ಲಿ ನಾಗಮಂಗಲ ತಾಲ್ಲೂಕಿನ ಒಂದು ಕೋಳಿ ಫಾರಂನಲ್ಲಿ ನಡೆದದ್ದು ನಿಮಗೆ ನೆನಪಿರಬಹುದು. ಪಶ್ಚಿಮ ಬಂಗಾಳದಿಂದ ಕೆಲಸಕ್ಕೆ ಬಂದಿದ್ದ ಒಂದು ಸಂಸಾರ ಅಲ್ಲೇ ಇತ್ತು. ಫಾರಂನಲ್ಲಿದ್ದ ಕೋವಿಯನ್ನು ಹದಿಹರೆಯಕ್ಕೆ ಕಾಲಿಟ್ಟಿದ್ದ ಒಬ್ಬ ಹುಡುಗ ಆಟಕ್ಕೆ ಅಂತ ಕೈಗೆತ್ತಿಕೊಂಡ. ಗುಂಡು ಹಾರಿತು. ನಾಲ್ಕು ವರ್ಷದ ಮಗು ಸತ್ತಿತು, ತಾಯಿಗೂ ಗಾಯವಾಯಿತು. ಎರಡು ದಿನ ಸುದ್ದಿ ಬಂತು, ಆಮೇಲೆ ಮರೆತುಹೋಯಿತು. ಆ ಹುಡುಗನಿಗೆ ಯಾರ ಮೇಲೂ ದ್ವೇಷ ಇರಲಿಲ್ಲ. ಅವನು ಯಾವ ಸಿನಿಮಾ ನೋಡಿದ್ದ, ಯಾವ ಗೇಮ್ ಆಡುತ್ತಿದ್ದ ಅಂತ ಹುಡುಕಿದರೆ ಏನಾದರೂ ಸಿಕ್ಕೇ ಸಿಗುತ್ತದೆ, ಈಗಿನ ಯಾವ ಹುಡುಗನ ಮೊಬೈಲಿನಲ್ಲಿ ಇರಲ್ಲ ಹೇಳಿ. ಆದರೆ ಈಡು ತುಂಬಿದ ಕೋವಿ ಕೈಗೆ ಸಿಗುವ ಹಾಗೆ ಇರದಿದ್ದರೆ ಅವತ್ತು ಏನೂ ಆಗುತ್ತಿರಲಿಲ್ಲ. ಇಷ್ಟು ಸರಳ ಇದು.

ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಶಿರಸಿ ತಾಲ್ಲೂಕಿನಲ್ಲಿ ಏರ್‌ಗನ್ ಸಿಡಿದು ಒಂಬತ್ತು ವರ್ಷದ ಹುಡುಗ ತೀರಿಕೊಂಡ. ತೋಟಕ್ಕೆ ಬರುವ ಮಂಗ ಓಡಿಸಲು ಇಟ್ಟಿದ್ದ ಏರ್‌ಗನ್ ಅದು. ನಮ್ಮ ಕಡೆ ಎರಡು ತೋಟಕ್ಕೊಂದು ಏರ್‌ಗನ್ ಸಿಗುತ್ತದೆ. ಕಡಿಮೆ ಶಕ್ತಿಯ ಏರ್‌ಗನ್‌ಗೆ ಲೈಸೆನ್ಸ್ ಬೇಡ, ಹಾಗಾಗಿ ಅದನ್ನು ಯಾರೂ ಆಯುಧ ಅಂತಲೇ ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಕತ್ತಿ, ಗುದ್ದಲಿ, ದೋಟಿಯ ಜೊತೆ ಕೊಟ್ಟಿಗೆಯ ಗೋಡೆಗೆ ಒರಗಿಸಿಡುತ್ತಾರೆ. ಕೆಲಸದವರ ಮಕ್ಕಳು ಅಲ್ಲೇ ಆಡಿಕೊಂಡಿರುತ್ತವೆ.

ಇಲ್ಲಿ ಒಂದು ಮಾತು ಹೇಳಲೇಬೇಕು. ತೋಟದ ಮಾಲೀಕರು ತಮ್ಮ ಸ್ವಂತ ಮಕ್ಕಳಿಗೆ ಕೋವಿ ಮುಟ್ಟಬಾರದು ಅಂತ ಹೇಳಿಕೊಟ್ಟಿರುತ್ತಾರೆ. ಲೈನ್ ಮನೆಯಲ್ಲಿರುವ, ಭಾಷೆಯೂ ಸರಿಯಾಗಿ ಬಾರದ, ಹೋದ ತಿಂಗಳಷ್ಟೇ ಬಂದಿರುವ ಕೂಲಿಯವರ ಮಕ್ಕಳಿಗೆ ಯಾರು ಹೇಳಿಕೊಡುತ್ತಾರೆ? ಅಪ್ಪ ಅಮ್ಮ ಬೆಳಿಗ್ಗೆ ಕೆಲಸಕ್ಕೆ ಹೋದರೆ ಆ ಮಕ್ಕಳನ್ನು ನೋಡಿಕೊಳ್ಳುವವರೇ ಇಲ್ಲ. ಅಂಗನವಾಡಿ ದೂರ. ಕಾವಲಿನ ಕೋವಿ ಎಲ್ಲಿದೆಯೋ ಅಲ್ಲೇ ಆ ಮಕ್ಕಳೂ ಇರುತ್ತವೆ. ಇದನ್ನು ಮೊಬೈಲ್ ಚಟದ ಸಮಸ್ಯೆ ಅಂತ ಕರೆದರೆ ಆ ಮಕ್ಕಳಿಗೆ ಅನ್ಯಾಯ ಮಾಡಿದ ಹಾಗೆ.

ಇನ್ನು ಲಖನೌದ್ದು. 2022ರ ಜೂನ್‌ನಲ್ಲಿ ಹದಿನಾರು ವರ್ಷದ ಹುಡುಗನೊಬ್ಬ ತಾಯಿಯನ್ನು ಗುಂಡಿಟ್ಟು ಕೊಂದ ಅಂತ ಸುದ್ದಿಯಾಯಿತು. ಕನ್ನಡ ಚಾನೆಲ್‌ಗಳಲ್ಲೂ ದಿನವಿಡೀ 'ಪಬ್ಜಿ ಹುಚ್ಚು, ಪಬ್ಜಿ ಹುಚ್ಚು'. ಪಬ್ಜಿ ಅನ್ನೋ ಆ ಗುಂಡು ಹಾರಿಸುವ ಮೊಬೈಲ್ ಗೇಮನ್ನು ಕೇಂದ್ರ ಸರ್ಕಾರ 2020ರ ಸೆಪ್ಟೆಂಬರ್‌ನಲ್ಲೇ ನಿಷೇಧ ಮಾಡಿತ್ತು ಅನ್ನೋದು ಬೇರೆ ಮಾತು. ಹುಡುಗ ಬಳಸಿದ್ದು ಅಪ್ಪನ ಲೈಸೆನ್ಸ್ ಪಿಸ್ತೂಲು. ಅಪ್ಪ ಸೇನೆಯಲ್ಲಿ, ಡ್ಯೂಟಿ ಬೇರೆ ರಾಜ್ಯದಲ್ಲಿ, ಪಿಸ್ತೂಲು ಮನೆಯಲ್ಲಿ. ಅದು ಹುಡುಗನ ಕೈಗೆ ಹೇಗೆ ಸಿಕ್ಕಿತು ಅನ್ನೋ ಬಗ್ಗೆ ಒಂದು ಚರ್ಚೆಯಾದರೂ ನಡೆದದ್ದು ನಾನು ನೋಡಲಿಲ್ಲ. ಗೇಮಿಗೆ ಬೈಯೋದು ಸುಲಭ ಅಲ್ವಾ, ಗೇಮು ತಿರುಗಿ ಮಾತಾಡುವುದಿಲ್ಲ. ಮನೆ ಯಜಮಾನನನ್ನು ಕೇಳೋದು ಕಷ್ಟ.

ಹಾಗಂತ ಸಿನಿಮಾ, ಗೇಮು, ರೀಲ್ಸಿಂದ ಏನೂ ಆಗಲ್ಲ ಅಂತ ನಾನು ವಾದ ಮಾಡುತ್ತಿಲ್ಲ. ಆಗುತ್ತದೆ. ಏನಾಗುತ್ತದೆ ಅಂತ ಸರಿಯಾಗಿ ನೋಡಬೇಕು, ಅಷ್ಟೇ.

ನಮ್ಮೂರ ಶಾಲೆಯ ಮೈದಾನದಲ್ಲಿ ಮಕ್ಕಳು ಆಡೋದನ್ನು ಸ್ವಲ್ಪ ಹೊತ್ತು ನಿಂತು ನೋಡಿ. ನಾವು ಕಳ್ಳ ಪೊಲೀಸ್ ಆಡುವಾಗ ಎರಡು ಬೆರಳು ಚಾಚಿ ಬಾಯಲ್ಲಿ 'ಡಿಶುಂ' ಅಂದರೆ ಮುಗೀತು. ಸತ್ತವನು ಬಿದ್ದುಕೊಳ್ಳಬೇಕು, ಆಟ ಮುಗಿಯೋವರೆಗೆ ಏಳೋ ಹಾಗಿಲ್ಲ, ಎದ್ದರೆ ದೊಡ್ಡ ಜಗಳ. ಈಗಿನ ಮಕ್ಕಳು ಕೋಲನ್ನು ಹಿಡಿಯುವ ರೀತಿಯೇ ಬೇರೆ. ಒಂದು ಕೈ ಮುಂದೆ, ಹಿಂಬದಿ ಹೆಗಲಿಗೆ ಒತ್ತಿ, ಒಂದು ಕಣ್ಣು ಮುಚ್ಚಿ ಗುರಿ. ಹತ್ತು ಸಲ ಹೊಡೆದ ಮೇಲೆ ಕೆಳಗಿನಿಂದ ಏನೋ ಕಿತ್ತು ಬಿಸಾಕಿ, ಸೊಂಟದಿಂದ ಇನ್ನೇನೋ ತೆಗೆದು ಸಿಕ್ಕಿಸಿ, 'ರೀಲೋಡ್' ಅಂತ ಕೂಗುತ್ತಾರೆ. ಮೂರನೇ ಕ್ಲಾಸಿನ ಹುಡುಗ 'ಹೆಡ್‌ಶಾಟ್' ಅನ್ನುತ್ತಾನೆ. ಬಿದ್ದವನು ಅಳುಮೋರೆ ಮಾಡಿಕೊಂಡು 'ರಿವೈವ್ ಮಾಡೋ, ರಿವೈವ್ ಮಾಡೋ' ಅಂತ ಕರೆಯುತ್ತಾನೆ. ಇನ್ನೊಬ್ಬ ಓಡಿ ಬಂದು ಮುಟ್ಟಿದರೆ ಮತ್ತೆ ಎದ್ದು ಓಡುತ್ತಾನೆ. ನೋಡೋಕೆ ಚೆಂದ, ನಗುವೂ ಬರುತ್ತದೆ. ಆದರೆ ನಮ್ಮ ಮನೆಯ ಒಂಟಿ ನಳಿಗೆ ಕೋವಿ ಇವರಲ್ಲಿ ಯಾರ ಕೈಗಾದರೂ ಸಿಕ್ಕರೆ ಅದನ್ನು ಹೇಗೆ ಹಿಡಿಯಬೇಕು ಅಂತ ಹೇಳಿಕೊಡುವುದೇ ಬೇಡ ಅನ್ನೋದು ನೆನಪಾದ ಕೂಡಲೇ ನಗು ನಿಂತುಹೋಗುತ್ತದೆ.

ಗೇಮು, ಸಿನಿಮಾ ಮಾಡೋದು ಇದನ್ನೇ ಅಂತ ನನಗನ್ನಿಸುತ್ತದೆ. ಕೈಗೆ ಅಭ್ಯಾಸ ಮಾಡಿಸುತ್ತವೆ, ಭಯ ತೆಗೆಯುತ್ತವೆ. ನಾನು ಚಿಕ್ಕವನಿದ್ದಾಗ ಕೋವಿ ಅಂದರೆ ಒಂಥರಾ ಹೆದರಿಕೆ ಇತ್ತು. ಮದ್ದಿನ ವಾಸನೆ, ಹೊಡೆದಾಗ ಕಿವಿ ಗುಯ್ ಅನ್ನೋದು, ಅಪ್ಪನ ಹೆಗಲಿಗೆ ಬೀಳುವ ಒದೆತ, ಹೊಡೆದ ಹಂದಿಯ ರಕ್ತ. ಈಗಿನ ಹುಡುಗನಿಗೆ ಅದ್ಯಾವುದೂ ಇಲ್ಲದೆ ಬರೀ ಬಂದೂಕಿನ ಠೀವಿ ಮಾತ್ರ ಸಿಗುತ್ತದೆ. ಹೀರೋ ಸ್ಲೋಮೋಷನ್‌ನಲ್ಲಿ ಹೊಡೆಯುತ್ತಾನೆ, ಹಿಂದೆ ಮ್ಯೂಸಿಕ್, ಥಿಯೇಟರಿನಲ್ಲಿ ಶಿಳ್ಳೆ. ಹೆದರಿಕೆ ಹೋದ ಹುಡುಗ ಮತ್ತು ಬೀಗ ಇಲ್ಲದ ಕೋವಿ ಒಂದೇ ಸೂರಿನ ಕೆಳಗೆ ಇದ್ದರೆ ಏನಾಗಬಹುದು ಅಂತ ನಾನು ಬಿಡಿಸಿ ಹೇಳಬೇಕಿಲ್ಲ.

ಸಿನಿಮಾ, ಗೇಮಿಗಿಂತ ನನಗೆ ಜಾಸ್ತಿ ಭಯ ಹುಟ್ಟಿಸೋದು ರೀಲ್ಸ್. 2025ರ ದೀಪಾವಳಿಯಲ್ಲಿ ಮಧ್ಯಪ್ರದೇಶದಲ್ಲಿ ಏನಾಯಿತು ನೋಡಿ. ಪಿವಿಸಿ ಪೈಪಿನಲ್ಲಿ ಮಾಡಿದ 'ಕಾರ್ಬೈಡ್ ಗನ್' ಅಂತ ಬಂತು. ಹಣ್ಣು ಬೇಗ ಮಾಗಿಸಲು ಕೆಲವರು ಕದ್ದುಮುಚ್ಚಿ ಬಳಸುತ್ತಾರಲ್ಲ, ಅದೇ ಕ್ಯಾಲ್ಸಿಯಂ ಕಾರ್ಬೈಡ್. ಅದಕ್ಕೆ ನೀರು ಬಿದ್ದರೆ ಅಸಿಟಿಲೀನ್ ಗ್ಯಾಸ್ ಹುಟ್ಟುತ್ತದೆ, ಕಿಡಿ ತಾಗಿದರೆ ಢಮಾರ್. ಬೀದಿಯಲ್ಲಿ ನೂರೈವತ್ತು ಇನ್ನೂರು ರೂಪಾಯಿಗೆ ಮಾರಿದರು, ರೀಲ್ಸ್ ನೋಡಿಕೊಂಡು ಮನೆಯಲ್ಲೇ ಮಾಡಿಕೊಂಡವರೂ ಇದ್ದರು. ಹೊಡೆಯಲಿಲ್ಲವಲ್ಲ ಯಾಕೆ ಅಂತ ಪೈಪಿನೊಳಗೆ ಬಗ್ಗಿ ನೋಡಿದಾಗ ಮುಖಕ್ಕೇ ಸಿಡಿಯಿತು. ಭೋಪಾಲ್, ವಿದಿಶಾ ಕಡೆ ನೂರಕ್ಕೂ ಹೆಚ್ಚು ಜನ ಕಣ್ಣಿನ ಗಾಯದಿಂದ ಆಸ್ಪತ್ರೆ ಸೇರಿದರು, ಅವರಲ್ಲಿ ಮಕ್ಕಳೇ ಜಾಸ್ತಿ, ಕೆಲವರ ದೃಷ್ಟಿಯೇ ಹೋಯಿತು. ಇಲ್ಲಿ ಯಾವ ಹೀರೋನೂ ಇಲ್ಲ, ವಿಲನ್ನೂ ಇಲ್ಲ, ಹಿಂಸೆಯ ಕಥೆಯೇ ಇಲ್ಲ. ಮೂವತ್ತು ಸೆಕೆಂಡಿನ ಒಂದು ವಿಡಿಯೊ, ಹೀಗೆ ಮಾಡಿ ಹೀಗೆ ಹೊಡೀರಿ ಅಂತ. ಇದಕ್ಕೆ ಸೆನ್ಸಾರ್ ಮಾಡೋರು ಯಾರು? ಸಿನಿಮಾಕ್ಕಾದರೂ ಒಂದು ಸರ್ಟಿಫಿಕೇಟ್ ಅಂತ ಇದೆ.

ಸರ್ಟಿಫಿಕೇಟ್ ಕಥೆಯೂ ಅಷ್ಟರಲ್ಲೇ ಇದೆ ಬಿಡಿ. ಸಿನಿಮಾ ಕಾಯ್ದೆಯ 2023ರ ತಿದ್ದುಪಡಿಯಲ್ಲಿ ಯುಎ ಅನ್ನೋ ಸರ್ಟಿಫಿಕೇಟನ್ನು 7+, 13+, 16+ ಅಂತ ಮೂರು ಭಾಗ ಮಾಡಿದರು. ಒಳ್ಳೆಯದೇ. ಆದರೆ ಅದು ಅಪ್ಪ ಅಮ್ಮನಿಗೆ ಸೂಚನೆ ಮಾತ್ರ, ಥಿಯೇಟರಿನವರು ತಡೆಯೋ ಹಾಗಿಲ್ಲ. ತಡೆಯಬೇಕಾದದ್ದು 'ಎ' ಚಿತ್ರಕ್ಕೆ, ಹದಿನೆಂಟು ಆಗದವರನ್ನು. ಮಲ್ಟಿಪ್ಲೆಕ್ಸ್‌ಗಳಲ್ಲಿ ಕೆಲವು ಕಡೆ ನಿಜಕ್ಕೂ ತಡೆಯುತ್ತಾರೆ, ಆಗ ಗೇಟಿನಲ್ಲಿ ಜಗಳಕ್ಕೆ ನಿಲ್ಲೋರು ಯಾರು ಗೊತ್ತಾ? ಮಗುವನ್ನು ಕಂಕುಳಲ್ಲಿ ಎತ್ತಿಕೊಂಡಿರೋ ಅಪ್ಪ. 'ದುಡ್ಡು ಕೊಟ್ಟಿಲ್ವೇನ್ರೀ' ಅಂತ. ಇನ್ನು ನಮ್ಮ ತಾಲ್ಲೂಕು ಕೇಂದ್ರಗಳ ಟಾಕೀಸಿನಲ್ಲಿ ವಯಸ್ಸು ಕೇಳೋರಿಲ್ಲ. ಒಟಿಟಿಗೆ 2021ರ ನಿಯಮದ ಪ್ರಕಾರ ಪೇರೆಂಟಲ್ ಲಾಕ್ ಇರಬೇಕು, ಇದೆ ಕೂಡ. ಅದನ್ನು ಹಾಕೋಕೆ ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಮಕ್ಕಳನ್ನೇ ಕರೆಯಬೇಕು. ಪಬ್ಜಿ ಹೋಗಿ ಅದರ ಜಾಗಕ್ಕೆ ಬಂದ ಬಿಜಿಎಂಐನಲ್ಲಿ ಹದಿನೆಂಟರ ಒಳಗಿನವರಿಗೆ ದಿನಕ್ಕೆ ಮೂರು ಗಂಟೆ ಅಂತ ಮಿತಿ ಹಾಕಿದ್ದಾರೆ. ವಯಸ್ಸು ಎಷ್ಟು ಅಂತ ಹೇಳೋನು ಆ ಹುಡುಗನೇ!

ಹಿಂಸೆಯ ಗೇಮ್ ಆಡಿದವರು ಕೊಲೆಗಾರರಾಗುತ್ತಾರಾ ಅನ್ನೋ ಬಗ್ಗೆ ಅಮೆರಿಕದಲ್ಲಿ ಎಷ್ಟೋ ವರ್ಷಗಳಿಂದ ಜಗಳ ನಡೆದಿದೆ. ಅಲ್ಲಿನ ಮನಶ್ಶಾಸ್ತ್ರಜ್ಞರ ಸಂಘ 2020ರಲ್ಲಿ ಹೇಳಿದ್ದು ಇಷ್ಟು: ಬೈಗುಳ, ತಳ್ಳಾಟ, ಸಿಡುಕು ಇಂಥದ್ದಕ್ಕೂ ಈ ಗೇಮುಗಳಿಗೂ ಸಣ್ಣ ಸಂಬಂಧ ಕಾಣುತ್ತದೆ, ಆದರೆ ಕೊಲೆ, ಶೂಟಿಂಗ್‌ನಂಥ ಹಿಂಸೆಗೆ ಗೇಮೇ ಕಾರಣ ಅನ್ನೋಕೆ ಸಾಕಷ್ಟು ಆಧಾರ ಇಲ್ಲ. ನನಗೆ ಇದು ಸರಿ ಅನ್ನಿಸುತ್ತದೆ. ಅದೇ ಗೇಮುಗಳನ್ನು ಜಪಾನಿನ ಮಕ್ಕಳೂ ಆಡುತ್ತಾರೆ, ಕೊರಿಯಾದ ಮಕ್ಕಳೂ ಆಡುತ್ತಾರೆ. ಆ ದೇಶಗಳಲ್ಲಿ ಮನೆಯಲ್ಲಿ ಬಂದೂಕು ಇರೋದೇ ತೀರಾ ಅಪರೂಪ, ಹಾಗಾಗಿ ಶಾಲೆಯಲ್ಲಿ ಗುಂಡು ಹಾರೋದೂ ಅಪರೂಪ. ಅಮೆರಿಕದಲ್ಲಿ 2020ರಿಂದ ಈಚೆಗೆ ಮಕ್ಕಳು ಮತ್ತು ಹದಿಹರೆಯದವರ ಸಾವಿಗೆ ಮೊದಲ ಕಾರಣ ಬಂದೂಕು, ರಸ್ತೆ ಅಪಘಾತ ಆಮೇಲೆ. ಅಲ್ಲಿರುವ ನಮ್ಮ ಕನ್ನಡದ ಮನೆಗಳ ಮಕ್ಕಳು ಕೂಡ ಶಾಲೆಯಲ್ಲಿ ಬಾಗಿಲು ಹಾಕಿಕೊಂಡು, ದೀಪ ಆರಿಸಿ, ಸದ್ದು ಮಾಡದೆ ಮೂಲೆಯಲ್ಲಿ ಕೂರೋ ಅಭ್ಯಾಸ ಮಾಡುತ್ತವೆ. ಬಂದೂಕು ಹಿಡಿದವನು ಒಳಗೆ ನುಗ್ಗಿದರೆ ಏನು ಮಾಡಬೇಕು ಅಂತ, ಲಾಕ್‌ಡೌನ್ ಡ್ರಿಲ್ ಅಂತೆ. ಒಂದನೇ ಕ್ಲಾಸಿನ ಮಗುವಿಗೆ!

ಅದೇ ಅಮೆರಿಕದಲ್ಲಿ ಈಚೆಗೆ ಒಂದು ಕೆಲಸ ಆಗಿದೆ, ನಮ್ಮವರು ಅದನ್ನು ಗಮನಿಸಬೇಕು. ಮಿಷಿಗನ್ ರಾಜ್ಯದ ಆಕ್ಸ್‌ಫರ್ಡ್ ಹೈಸ್ಕೂಲಿನಲ್ಲಿ 2021ರ ನವೆಂಬರ್‌ನಲ್ಲಿ ಹದಿನೈದು ವರ್ಷದ ಹುಡುಗ ಗುಂಡು ಹಾರಿಸಿ ನಾಲ್ಕು ವಿದ್ಯಾರ್ಥಿಗಳನ್ನು ಕೊಂದ. ಪಿಸ್ತೂಲು ಕೊಂಡಿದ್ದು ಅವನ ಅಪ್ಪ, ಅದೂ ಘಟನೆಗೆ ಕೆಲವೇ ದಿನ ಮೊದಲು. 2024ರಲ್ಲಿ ಅಲ್ಲಿನ ಕೋರ್ಟು ಅಪ್ಪ ಅಮ್ಮ ಇಬ್ಬರಿಗೂ ಹತ್ತರಿಂದ ಹದಿನೈದು ವರ್ಷ ಜೈಲು ಕೊಟ್ಟಿತು. ಗೇಮ್ ಕಂಪನಿಗೆ ಬೈದು ಮನೆಗೆ ಹೋಗಲಿಲ್ಲ.

ಕೊಡಗಿನ ವಿಷಯ ಹೇಳದಿದ್ದರೆ ಪತ್ರ ಪೂರ್ತಿಯಾಗುವುದಿಲ್ಲ. ನಮ್ಮ ರಾಜ್ಯದಲ್ಲಿ ಕೋವಿಯ ಜೊತೆ ಮಕ್ಕಳು ಬೆಳೆಯುವ ಜಾಗ ಅಂದರೆ ಅದೇ. ಕೊಡವರಿಗೂ ಜಮ್ಮಾ ಅನ್ನೋ ವಂಶಪಾರಂಪರ್ಯದ ಭೂಮಿಯ ಹಿಡುವಳಿದಾರರಿಗೂ ಬ್ರಿಟಿಷರ ಕಾಲದಿಂದ ಲೈಸೆನ್ಸ್ ವಿನಾಯಿತಿ ಇದೆ. 2019ರಲ್ಲಿ ಕೇಂದ್ರ ಅದನ್ನು ಮತ್ತೆ ಹತ್ತು ವರ್ಷಕ್ಕೆ ಮುಂದುವರಿಸಿತು, 2021ರಲ್ಲಿ ಹೈಕೋರ್ಟೂ ಎತ್ತಿಹಿಡಿಯಿತು. ಆಯುಧ ಪೂಜೆಯ ಹಬ್ಬವಾದ ಕೈಲ್ ಪೊಳ್ದ್ ದಿನ ಕೋವಿಗೆ ತೋಕ್ ಪೂ ಅನ್ನೋ ಹೂವು ಸಿಕ್ಕಿಸಿ ಪೂಜೆ ಮಾಡುತ್ತಾರೆ, ಆಮೇಲೆ ಎತ್ತರದಲ್ಲಿ ಕಟ್ಟಿದ ತೆಂಗಿನಕಾಯಿಗೆ ಗುರಿ ಇಡುತ್ತಾರೆ, ಹೆಂಗಸರೂ ಹೊಡೆಯುತ್ತಾರೆ. ಮಕ್ಕಳು ಅಲ್ಲೇ ಪಕ್ಕದಲ್ಲಿ ನಿಂತಿರುತ್ತವೆ. ನನ್ನ ಹೆಂಡತಿಯ ಕಡೆಯ ಒಬ್ಬರು ವಿರಾಜಪೇಟೆ ಹತ್ತಿರ ಇದ್ದಾರೆ, ಅವರ ಮನೆಯ ಹಬ್ಬಕ್ಕೆ ಹೋದಾಗ ನೋಡಿದ್ದೇನೆ. ಹತ್ತು ವರ್ಷದ ಹುಡುಗನೊಬ್ಬ ಆಟದ ಪಿಸ್ತೂಲನ್ನು ನನ್ನ ಮಗಳ ಕಡೆ ತಿರುಗಿಸಿದ್ದಕ್ಕೆ ಅವನ ಅಜ್ಜ ಕೂಗಾಡಲಿಲ್ಲ, ಹೊಡೆಯಲಿಲ್ಲ. ಅದನ್ನು ಕಸಿದುಕೊಂಡು ಜೇಬಿಗೆ ಹಾಕಿಕೊಂಡರು, ಸಂಜೆವರೆಗೂ ಕೊಡಲಿಲ್ಲ. ಆಟಿಕೆಯಾದರೂ ಸರಿ, ಮನುಷ್ಯರ ಕಡೆ ತಿರುಗಿಸೋ ಹಾಗಿಲ್ಲ. ಅಲ್ಲೂ ಅನಾಹುತ ಆಗೋದೇ ಇಲ್ಲ ಅಂತ ನಾನು ಹೇಳುವುದಿಲ್ಲ, ಗುಂಡು ತಗುಲಿ ಸತ್ತ ಸುದ್ದಿ ಅಲ್ಲಿಂದಲೂ ಬರುತ್ತದೆ. ಆದರೆ ಆ ಅಜ್ಜ ಮಾಡಿದ ಕೆಲಸವನ್ನು ಯಾವ ಸೆನ್ಸಾರ್ ಮಂಡಳಿಯೂ ಮಾಡೋಕೆ ಆಗಲ್ಲ.

ಈಗ ಕಾನೂನಿನ ಕಡೆ ಬನ್ನಿ. 1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಇಪ್ಪತ್ತೊಂದು ವರ್ಷ ಆಗದವರು ಕೋವಿ ಇಟ್ಟುಕೊಳ್ಳೋ ಹಾಗಿಲ್ಲ. 2016ರ ನಿಯಮಗಳಲ್ಲಿ ಲೈಸೆನ್ಸ್ ಕೇಳೋರಿಗೆ ತರಬೇತಿ, ಸುರಕ್ಷಿತವಾಗಿ ಇಡುತ್ತೇನೆ ಅಂತ ಮುಚ್ಚಳಿಕೆ ಎಲ್ಲ ಇದೆ. ಮದುವೆ, ಮೆರವಣಿಗೆಯಲ್ಲಿ ಖುಷಿಗೆ ಗುಂಡು ಹಾರಿಸಿದರೆ ಎರಡು ವರ್ಷದವರೆಗೆ ಜೈಲು ಇಲ್ಲವೇ ಒಂದು ಲಕ್ಷದವರೆಗೆ ದಂಡ ಅಂತ 2019ರಲ್ಲಿ ಸೇರಿಸಿದರು. ಲೈಸೆನ್ಸಿನ ಷರತ್ತು ಮೀರಿದರೆ? ಆರು ತಿಂಗಳವರೆಗೆ ಜೈಲು, ಅಥವಾ ಎರಡು ಸಾವಿರ ರೂಪಾಯಿವರೆಗೆ ದಂಡ. ಎರಡು ಸಾವಿರ! ಹೆಲ್ಮೆಟ್ ಇಲ್ಲದೆ ನಾಲ್ಕು ಸಲ ಸಿಕ್ಕಿಬಿದ್ದರೆ ಹೆಚ್ಚುಕಡಿಮೆ ಅಷ್ಟೇ ಆಗುತ್ತದೆ.

ಕಾಗದದಲ್ಲಿ ಏನೇ ಇರಲಿ, ನಡೆಯೋದು ಏನು ಅಂತ ನಮ್ಮಂಥವರಿಗೆ ಗೊತ್ತು. ರಿನ್ಯೂವಲ್‌ಗೆ ಕೋವಿ ಹೊತ್ತುಕೊಂಡು ಸ್ಟೇಷನ್‌ಗೆ ಹೋಗುತ್ತೇವೆ. ನಳಿಗೆ ಮೇಲಿನ ನಂಬರ್ ನೋಡುತ್ತಾರೆ, ಪುಸ್ತಕದಲ್ಲಿ ತಾಳೆ ಹಾಕುತ್ತಾರೆ, ಸೀಲ್ ಬೀಳುತ್ತದೆ. ಮನೆಯಲ್ಲಿ ಎಲ್ಲಿಡ್ತೀರಿ, ಬೀಗ ಇದೆಯಾ, ತೋಟಾ ಬೇರೆ ಇಡ್ತೀರಾ, ಮಕ್ಕಳಿದ್ದಾರಾ, ಲೈನ್ ಮನೆ ಎಷ್ಟು ದೂರ ಅಂತ ನನ್ನನ್ನು ಇದುವರೆಗೆ ಯಾರೂ ಕೇಳಿಲ್ಲ. ಚುನಾವಣೆ ಬಂದರೆ ಮಾತ್ರ ಎಲ್ಲರಿಗೂ ನಮ್ಮ ಕೋವಿ ನೆನಪಾಗುತ್ತದೆ. ಇಂಥ ತಾರೀಖಿನೊಳಗೆ ಠೇವಣಿ ಇಡಿ ಅಂತ ಪೇದೆ ಮನೆ ಬಾಗಿಲಿಗೇ ಬರುತ್ತಾರೆ, ಹಂದಿ ಮಂಗ ಬೆಳೆ ತಿನ್ನುತ್ತಾ ಇದ್ದರೂ ಕೇಳೋರಿಲ್ಲ. ಅಂದರೆ ಯಾರ ಮನೆಯಲ್ಲಿ ಕೋವಿ ಇದೆ ಅನ್ನೋ ಪಟ್ಟಿ ಇದೆ, ಮನೆವರೆಗೆ ಬರೋಕೆ ಜನವೂ ಇದ್ದಾರೆ. ಓಟಿನ ಮೇಲೆ ಇರುವ ಕಾಳಜಿ ಮಗುವಿಗೂ ಇದ್ದರೆ ಅದೇ ಪೇದೆ ಅದೇ ಬೈಕಿನಲ್ಲಿ ಬಂದು ಒಂದು ಸಲ ಕಪಾಟು ನೋಡಿಕೊಂಡು ಹೋಗಬಹುದು.

ನಮ್ಮ ಮನೆಯಲ್ಲಿ ಏನು ಮಾಡುತ್ತೇವೆ ಅಂತ ಹೇಳಿಬಿಡುತ್ತೇನೆ, ಇದರಲ್ಲಿ ಹೆಚ್ಚುಗಾರಿಕೆ ಏನಿಲ್ಲ. ನಳಿಗೆ ಕಳಚಿ ಗಾದ್ರೇಜ್ ಬೀರುವಿನಲ್ಲಿ, ಮರದ ಹಿಡಿ ಬೇರೆ ಕೋಣೆಯಲ್ಲಿ. ತೋಟಾ ಅಮ್ಮನ ಹಳೇ ಪೆಟ್ಟಿಗೆಯಲ್ಲಿ, ಅದರ ಕೀಲಿ ಅಮ್ಮನ ಸೊಂಟದಲ್ಲಿ. ರಾತ್ರಿ ಹಂದಿ ಬಂತು ಅಂತ ನಾಯಿ ಬೊಗಳಿದರೆ ಅಮ್ಮನನ್ನು ಎಬ್ಬಿಸಬೇಕು, ಅವರು ಬೈದುಕೊಂಡೇ ಕೀಲಿ ಕೊಡುತ್ತಾರೆ. ಅಷ್ಟು ಹೊತ್ತಿಗೆ ಹಂದಿ ಅರ್ಧ ಸಲ ಹೋಗಿಯೇ ಬಿಟ್ಟಿರುತ್ತದೆ. ಪಕ್ಕದ ತೋಟದವರು ನಗುತ್ತಾರೆ, ಕೋವಿ ಇಟ್ಟುಕೊಂಡು ಏನು ಪ್ರಯೋಜನ ಮಾರಾಯ್ರೇ ಅಂತ. ಅವರ ಮಾತೂ ಸುಳ್ಳಲ್ಲ. ಬೆಳೆ ಕಾಯೋಕೆ ಅಂತಲೇ ಲೈಸೆನ್ಸ್ ತೆಗೆದುಕೊಂಡವರಿಗೆ ಕೋವಿ ಕೈಗೆ ಹತ್ತಿರ ಇರಬೇಕು ಅನ್ನಿಸೋದು ಸಹಜ. ಆದರೂ ಒಂದು ಗೊನೆ ಬಾಳೆ ಹೋದರೆ ಹೋಗಲಿ. ಮಕ್ಕಳಿಗೆ ಮೊಬೈಲ್ ಕೊಡೋದನ್ನು ನಾನು ಪೂರ್ತಿ ನಿಲ್ಲಿಸಿಲ್ಲ, ಗೇಮೂ ಆಡುತ್ತಾರೆ, ಅದರ ಬಗ್ಗೆ ದಿನಾ ಜಗಳ ಇದ್ದೇ ಇದೆ. ಆ ಜಗಳದಲ್ಲಿ ಸೋತರೂ ಯಾರ ಜೀವವೂ ಹೋಗೋದಿಲ್ಲ ಅನ್ನೋ ಧೈರ್ಯ ಮಾತ್ರ ಇದೆ.

ನಿಮ್ಮ ಪತ್ರಿಕೆಗೆ ನನ್ನ ಕೋರಿಕೆ ಇಷ್ಟೇ. ಮುಂದೆ ಇಂಥ ಸುದ್ದಿ ಬಂದಾಗ (ಬರದೇ ಇರಲಿ) ವರದಿಗಾರರು ಹುಡುಗ ಯಾವ ಗೇಮ್ ಆಡುತ್ತಿದ್ದ ಅಂತ ಕೇಳುವ ಮೊದಲು ಕೋವಿ ಎಲ್ಲಿತ್ತು, ಬೀಗ ಇತ್ತಾ, ಲೈಸೆನ್ಸ್ ಯಾರ ಹೆಸರಲ್ಲಿತ್ತು, ಮಾಲೀಕರ ಮೇಲೆ ಏನು ಕೇಸು ಹಾಕಿದರು, ಆ ಕೇಸು ಏನಾಯಿತು ಅಂತ ಕೇಳಲಿ. ಆರು ತಿಂಗಳ ಮೇಲೆ ಇನ್ನೊಂದು ಸಲ ಹೋಗಿ ಕೇಳಲಿ. ಅದಕ್ಕೂ ಮೊದಲು, ನಾಳೆಯೇ ಬೇಕಾದರೂ, ಚಿಕ್ಕಮಗಳೂರು, ಶಿವಮೊಗ್ಗ, ಉತ್ತರ ಕನ್ನಡ, ಮಂಡ್ಯ ಜಿಲ್ಲೆಗಳ ಎಸ್.ಪಿ. ಕಚೇರಿಗೆ ಒಂದು ಪ್ರಶ್ನೆ ಕಳಿಸಿ. ನಿಮ್ಮ ಜಿಲ್ಲೆಯಲ್ಲಿ ಲೈಸೆನ್ಸ್ ಕೋವಿ ಎಷ್ಟಿವೆ, ಹೋದ ವರ್ಷ ಅವುಗಳಲ್ಲಿ ಎಷ್ಟು ಮನೆಗೆ ಹೋಗಿ ಇಡುವ ಜಾಗ ನೋಡಿದ್ದೀರಿ ಅಂತ. ಬಂದ ಉತ್ತರವನ್ನು ಹಾಗೇ ಪ್ರಿಂಟ್ ಮಾಡಿ, ನಾವು ಓದುತ್ತೇವೆ.

ಇಂತಿ,
ಅಡಿಕೆ ಬೆಳೆಗಾರ, ನಿಮ್ಮ ಹಳೇ ಓದುಗ
ಕೊಪ್ಪ ತಾಲ್ಲೂಕು, ಚಿಕ್ಕಮಗಳೂರು ಜಿಲ್ಲೆ